ಎದೆಯ ರೋಗ, ನೆನಪಿನ ನಷ್ಟ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂತಹ ಊರಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಎರಡು ದಿನ ಕೆಮ್ಮಿ, ಮೂರನೆಯ ದಿನ ಹೆತ್ತ ಮಗನನ್ನೇ 'ನೀನು ಯಾರಪ್ಪ?' ಎಂದು ಕೇಳಿದರೆಂದು ಇಟ್ಟುಕೊಳ್ಳೋಣ. ಮನೆಯವರು ಇದನ್ನು ಅರಳುಮರಳು ಎನ್ನುವರು. ಅನುಭವಿಯಾದ ವೈದ್ಯರು ಮಾತ್ರ ಮೊದಲು ಅವರ ಎದೆಯನ್ನು ಪರೀಕ್ಷಿಸುವರು. ಏಕೆಂದರೆ ವೃದ್ಧರಲ್ಲಿ ನ್ಯುಮೋನಿಯವು ಹೆಚ್ಚು ಜ್ವರವನ್ನು ತೋರದೆ, ಬುದ್ಧಿಯ ಗೊಂದಲವಾಗಿಯೇ ಮೊದಲು ಕಾಣಿಸಿಕೊಳ್ಳುವುದುಂಟು.

ಶ್ವಾಸಕೋಶವೆಲ್ಲಿ, ಮಿದುಳೆಲ್ಲಿ? ನ್ಯುಮೋಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಬೆಳೆದಾಗ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವಿನಂತಹ ದ್ರವವು ತುಂಬಿ, ರಕ್ತಕ್ಕೆ ಸೇರುವ ಆಮ್ಲಜನಕವು ಕಡಿಮೆಯಾಗುವುದು. ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ ಇರುವ ಮಿದುಳಿಗೆ, ನಾವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಬೇಕು. ಮೇಲಾಗಿ, ರೋಗಾಣುಗಳೊಡನೆ ಹೋರಾಡುವ ರಕ್ತಕಣಗಳು ಸೈಟೊಕೈನ್ ಎಂಬ ರಾಸಾಯನಿಕ ದೂತರನ್ನು ಹೊರಡಿಸುವುವು. ಆ ಸುದ್ದಿಗೆ ಮಿದುಳಿನ ಕೋಶಗಳೂ ಕೆರಳುವುವು. ಹೀಗೆ ಒಂದು ರೋಗಾಣುವೂ ಮಿದುಳನ್ನು ಮುಟ್ಟದಿದ್ದರೂ, ಹೊಸ ನೆನಪುಗಳನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗವು ತಡವರಿಸತೊಡಗುವುದು. ಸೋಂಕು ಇಳಿದಂತೆ ಬಹುಮಂದಿ ಚೇತರಿಸಿಕೊಳ್ಳುವರು. ಕೆಲವರಲ್ಲಿ ಮರೆವು ತಿಂಗಳುಗಟ್ಟಲೆ ಉಳಿಯುವುದು.

ಕ್ಷಯದ ಕಥೆಯೇ ಬೇರೆ. ಇಲ್ಲಿ ರೋಗಾಣುವೇ ಪ್ರಯಾಣ ಹೊರಡುವುದು. ರಾಬರ್ಟ್ ಕಾಖ್ 1882ರಲ್ಲಿ ಕಂಡುಹಿಡಿದ ಈ ಬ್ಯಾಕ್ಟೀರಿಯವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಮಿದುಳಿನಲ್ಲಿಯೋ ಅದರ ಪೊರೆಯಲ್ಲಿಯೋ ನೆಲೆಸಿ, ಗಿಣ್ಣಿನಂತಹ ವಸ್ತು ತುಂಬಿದ ಸಣ್ಣ ಗಂಟುಗಳನ್ನು ಕಟ್ಟುವುದು. ಗಂಟು ಬಹುಕಾಲ ಸುಮ್ಮನಿರಬಹುದು. ಅದು ಒಡೆದು ಸುತ್ತಲಿನ ದ್ರವಕ್ಕೆ ರೋಗಾಣುಗಳನ್ನು ಚೆಲ್ಲಿದಾಗಲೇ ಮಿದುಳುಪೊರೆಯ ಉರಿಯೂತವಾದ ಮೆನಿಂಜೈಟಿಸ್ ಆರಂಭವಾಗುವುದೆಂದು ರಿಚ್ ಮತ್ತು ಮೆಕಾರ್ಡಕ್ ಎಂಬ ವಿಜ್ಞಾನಿಗಳು 1933ರಲ್ಲಿ ವಿವರಿಸಿದರು.

ಕೆರೆಯ ತೂಬಿಗೆ ಹೂಳು ಕಟ್ಟಿದರೆ ಏನಾಗುವುದೆಂಬುದನ್ನು ಹಳ್ಳಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಮಿದುಳಿನ ತಳದಲ್ಲಿ ಅಂಟಾದ ಸ್ರಾವವು ಸೇರಿಕೊಂಡು, ಒಳಗಿನ ಕುಹರಗಳಿಂದ ದ್ರವವು ಹರಿದುಹೋಗುವ ದಾರಿಯನ್ನು ಮುಚ್ಚುವುದು. ನಿಂತ ದ್ರವವು ಮಿದುಳನ್ನು ಒಳಗಿನಿಂದಲೇ ಒತ್ತುವುದು. ಆ ಅಂಟಿನ ನಡುವೆ ಹಾದುಹೋಗುವ ರಕ್ತನಾಳಗಳು ಉರಿಯೂತದಿಂದ ಕಿರಿದಾಗಿ ಮುಚ್ಚಿಹೋದರೆ, ಅವು ಪೋಷಿಸುತ್ತಿದ್ದ ಆಳದ ಭಾಗಗಳು ಸಾಯುವುವು. ನೆನಪೂ ಗಮನಶಕ್ತಿಯೂ ಕುಂದುವುದು ಹೀಗೆ.

ಇದೆಲ್ಲವೂ ಒಂದೇ ದಿನದಲ್ಲಿ ಆಗುವುದಲ್ಲ. ಮೊದಲ ಒಂದೆರಡು ವಾರ ಸಣ್ಣ ಜ್ವರ, ತಲೆನೋವು, ಹಸಿವಿಲ್ಲದಿರುವುದು, ಸಿಡುಕು, ಇಷ್ಟೇ. ಪಾಠ ತಲೆಗೆ ಹತ್ತದ ಹುಡುಗನು ಆ ವಾರಗಳಲ್ಲಿ ಸೋಮಾರಿಯೆಂದು ಬೈಸಿಕೊಳ್ಳುವುದೂ ಉಂಟು. ನಮಗೆ ಅತ್ಯಂತ ದುಃಖಕರವಾಗಿ ತೋರುವುದು ಇದೇ, ಏಕೆಂದರೆ ಚಿಕಿತ್ಸೆ ಪೂರ್ಣವಾಗಿ ಫಲಿಸುವ ಕಾಲವೂ ಅದೇ. ಬೆನ್ನೆಲುಬಿನ ಸಂದಿನಿಂದ ಸ್ವಲ್ಪ ದ್ರವವನ್ನು ತೆಗೆದು ಪರೀಕ್ಷಿಸಿದರೆ ರೋಗದ ಸುಳಿವು ಸಿಕ್ಕುವುದು. 'ಬೆನ್ನಿನ ನೀರು ತೆಗೆದರೆ ಸೊಂಟ ಬೀಳುವುದು' ಎಂಬ ಭಯಕ್ಕೆ ಆಧಾರವಿಲ್ಲ. 1944ರಲ್ಲಿ ಸ್ಟ್ರೆಪ್ಟೊಮೈಸಿನ್ ಪ್ರಕಟವಾಗುವವರೆಗೆ ಈ ರೋಗಿಗಳು ಬದುಕುತ್ತಿದ್ದುದೇ ಅಪರೂಪ. ಇಂದಿನ ಔಷಧಗಳು ರೋಗಾಣುವನ್ನು ಕೊಲ್ಲಬಲ್ಲವು. ಸತ್ತ ನರಕೋಶಗಳನ್ನು ಮರಳಿಸಲಾರವು.

ಆದುದರಿಂದ ರೋಗವು ಎದೆಯಲ್ಲಿರುವಾಗಲೇ ಅದನ್ನು ಹಿಡಿಯಬೇಕು. ಹಳ್ಳಿಗರು ಕೆಮ್ಮನ್ನು ಅಲಕ್ಷಿಸುವರೆಂದು ಪಟ್ಟಣದವರು ಸುಲಭವಾಗಿ ಹೇಳಿಬಿಡುವರು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿದಾಗ ತಿಳಿದುಬಂದದ್ದು ಬೇರೆ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಶ್ವಾಸಕೋಶದ ಕ್ಷಯವಿದ್ದವರಲ್ಲಿ ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಬಹುಮಂದಿಗೆ ದೊರೆತದ್ದು ಕೆಮ್ಮಿನ ಔಷಧದ ಸೀಸೆ ಮಾತ್ರ. ಈಗ ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಮಾಡಬೇಕೆಂಬ ನಿಯಮವಿದೆ. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ.