ಕಾಲು ನಿಂತಿದೆ, ಚಕ್ರ ಓಡ್ತಿದೆ

ಫಸ್ಟ್ ಇಯರ್‌ನಲ್ಲಿ ಗಾಜಿನ ಕೆಳಗೆ ಲೈಟ್ ಇಟ್ಟು ಸೀನಿಯರ್ ಕೊಟ್ಟ ಡ್ರಾಯಿಂಗ್ ಶೀಟ್ ಟ್ರೇಸ್ ಮಾಡಿದವರು ಕೈ ಎತ್ತಿ. (ನಾನು ಎರಡೂ ಕೈ ಎತ್ತಿದ್ದೀನಿ.) ಫಿಲಡೆಲ್ಫಿಯಾದ ಪ್ರಸಿದ್ಧ ಚಿತ್ರಕಾರ ಥಾಮಸ್ ಈಕಿನ್ಸ್ ಕೂಡ ಹೆಚ್ಚುಕಡಿಮೆ ಇದನ್ನೇ ಮಾಡಿದ್ದ. ಆದರೆ ಅದಕ್ಕೂ ಮೊದಲು ಒಂದು ಕುದುರೆ ಕಥೆ ಇದೆ.

1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬಾತ 12 ಕ್ಯಾಮೆರಾ ಸಾಲಾಗಿ ಇಟ್ಟು, ಓಡುವ ಕುದುರೆಯ ಒಂದೊಂದು ಭಂಗಿಯನ್ನೂ ಸೆರೆಹಿಡಿದ. ಅಲ್ಲಿಯವರೆಗೆ ಚಿತ್ರಗಳಲ್ಲಿ ನಾಗಾಲೋಟದ ಕುದುರೆ ಅಂದ್ರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರೋದು. ಫೋಟೊದಲ್ಲಿ ಕಂಡದ್ದೇ ಬೇರೆ: ನಾಲ್ಕೂ ಗೊರಸು ನೆಲ ಬಿಟ್ಟಾಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿದ್ದವು.

ಮರುವರ್ಷ ಫೇರ್‌ಮನ್ ರೋಜರ್ಸ್ ತನ್ನ ನಾಲ್ಕು ಕುದುರೆಯ ಗಾಡಿಯ ಚಿತ್ರವನ್ನು ಈಕಿನ್ಸ್ ಕೈಲಿ ಬರೆಸಿದ. ಈ ರೋಜರ್ಸ್ ನಮ್ಮವನೇ, ಸಿವಿಲ್ ಎಂಜಿನಿಯರ್! ಈಕಿನ್ಸ್ ಮೈಬ್ರಿಜ್‌ನ ಫೋಟೊಗಳನ್ನು ನೋಡಿದ, ಮೇಣದಲ್ಲಿ ಕುದುರೆ ಮಾದರಿ ಮಾಡಿದ, ಕಾಲುಗಳನ್ನು ಫೋಟೊದಷ್ಟೇ ಸ್ಪಷ್ಟವಾಗಿ ಬರೆದ. ಚಕ್ರದ ಸ್ಪೋಕ್‌ಗಳನ್ನು ಮಾತ್ರ ನಮ್ಮ ಕಣ್ಣಿಗೆ ಕಾಣೋ ಹಾಗೆ ಮಸುಕಾಗಿಯೇ ಬಿಟ್ಟ.

ಲೆಕ್ಕ ಹಾಕಿ ನೋಡಿ. ಊರಿದ ಗೊರಸಿನ ವೇಗ ಸೊನ್ನೆ. ಹಾಗಾಗಿ ಎತ್ತಿದ ಗೊರಸು ಗಾಡಿಗಿಂತ ಜೋರಾಗಿ ಮುಂದೆ ಹೋಗಲೇಬೇಕು. ಉರುಳುವ ಚಕ್ರದಲ್ಲೂ ನೆಲ ಮುಟ್ಟಿದ ಬಿಂದುವಿನ ವೇಗ ಸೊನ್ನೆ, ತುದಿಯದ್ದು ಗಾಡಿಯ ಎರಡರಷ್ಟು. ಗೊರಸನ್ನು ನಿಲ್ಲಿಸೋ ಶಟರ್ ಸ್ಪೋಕನ್ನೂ ಹೆಚ್ಚುಕಡಿಮೆ ನಿಲ್ಲಿಸಬೇಕಿತ್ತು ಅಲ್ವಾ? ಅಂದ್ರೆ ಒಂದೇ ಚಿತ್ರದಲ್ಲಿ ಎರಡು ಶಟರ್ ಸ್ಪೀಡ್! ಜೋಸೆಫ್ ಪೆನೆಲ್ ಎಂಬ ಕಲಾವಿದ ಇದನ್ನೇ ಹಿಡಿದು ಟೀಕಿಸಿದ. ನನಗೂ ಆ ಕುದುರೆಗಳು ಓಡ್ತಿವೆ ಅನ್ನಿಸಲ್ಲ. ಯಾರೋ ‘ಪಾಸ್’ ಒತ್ತಿದ ಹಾಗಿವೆ.

ಇನ್ನು ಟ್ರೇಸಿಂಗ್ ವಿಷಯ. ಬಲೆ ಸರಿಪಡಿಸುವ ಮೀನುಗಾರರ 1881ರ ಚಿತ್ರವನ್ನು ಸಂರಕ್ಷಣಾ ತಜ್ಞರು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಬಣ್ಣದ ಪದರದಲ್ಲಿ ಸಣ್ಣ ಸಣ್ಣ ಗೀರು ಸಿಕ್ಕವು. ಈಕಿನ್ಸ್ ಬೇರೆ ಬೇರೆ ಫೋಟೊಗಳನ್ನು ಕ್ಯಾನ್ವಾಸ್ ಮೇಲೆ ಪ್ರೊಜೆಕ್ಟ್ ಮಾಡಿ, ಒಬ್ಬೊಬ್ಬರ ಜಾಗವನ್ನೂ ಗುರುತು ಹಾಕಿಕೊಂಡಿದ್ದ. ಬಣ್ಣ ಹಚ್ಚಿದಂತೆ ಗೆರೆ ಮುಚ್ಚಿಹೋಗುತ್ತೆ. ಗೀರು ಇದ್ದರೆ ಮತ್ತೆ ಅದೇ ಜಾಗಕ್ಕೆ ಬರಬಹುದು. ಈ ಕೆಲಸವನ್ನು ಅವನು ಎಲ್ಲೂ ಹೇಳಿಕೊಳ್ಳಲಿಲ್ಲ. ಆ ಸಂಕೋಚ ನಮಗೆ ಅರ್ಥವಾಗದ್ದೇನಲ್ಲ. ಆದರೆ ಯಾವ ಫೋಟೊದಿಂದ ಯಾರನ್ನು ತೆಗೆದುಕೊಂಡು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಪ್ರೊಜೆಕ್ಟರ್ ಹೇಳಿಕೊಟ್ಟಿರಲಿಲ್ಲ.

ಎರಡೂ ಚಿತ್ರ ಫಿಲಡೆಲ್ಫಿಯಾ ಕಲಾ ಮ್ಯೂಸಿಯಂನಲ್ಲಿವೆ. ನೆಟ್‌ನಲ್ಲಿ ಹುಡುಕಿ, ಗಾಡಿಯ ಚಕ್ರವನ್ನು ಒಮ್ಮೆ ಝೂಮ್ ಮಾಡಿ ನೋಡಿ.