ಪಕ್ಕದ ನೋಟ ಕುಂದಿದರೆ ತಡ ಮಾಡಬೇಡಿ



ಕೆಲವರಿಗೆ ಸುಲ್ತಾನ್‌ಪಾಳ್ಯದ ರಸ್ತೆ ದಾಟುವಾಗ ಪಕ್ಕದಿಂದ ಬರುವ ಆಟೋ ಕಾಣುವುದಿಲ್ಲ. ಸಫ್‌ನಲ್ಲಿ ನಿಲ್ಲುವಾಗ ಪಕ್ಕದವರ ಕಾಲು ತುಳಿಯುತ್ತಾರೆ. ಆದರೆ ಎದುರಿಗಿರುವ ಪತ್ರಿಕೆಯನ್ನು ಓದಬಲ್ಲರು. ನಾವು ‘ಗಮನವಿಲ್ಲ’ ಎಂದು ಗದರುತ್ತೇವೆ. ಇದಕ್ಕೆ ಪಿಟ್ಯುಟರಿ ಗ್ರಂಥಿಯ ಗಡ್ಡೆಯೂ ಕಾರಣವಾಗಿರಬಹುದು.

ಮೂಗಿನ ಹಿಂದೆ, ಮಿದುಳಿನ ತಳದಲ್ಲಿರುವ ಈ ಗ್ರಂಥಿ ಬಟಾಣಿ ಕಾಳಿನಷ್ಟೇ ದೊಡ್ಡದು. ಅದರ ಮೇಲೆಯೇ ಎರಡೂ ಕಣ್ಣುಗಳ ನರಗಳು ಕೂಡುತ್ತವೆ. ಹೊರಬದಿಯ ನೋಟವನ್ನು ಒಯ್ಯುವ ಎಳೆಗಳು ಅಲ್ಲಿ ಒಂದನ್ನೊಂದು ದಾಟುತ್ತವೆ. ಗಡ್ಡೆ ಮೇಲಕ್ಕೆ ಬೆಳೆದು ಅವುಗಳನ್ನು ಒತ್ತಿದಾಗ ಎರಡೂ ಬದಿಯ ನೋಟ ನಿಧಾನವಾಗಿ ಮಸುಕಾಗುತ್ತದೆ. ನೇರ ನೋಟ ಉಳಿದಿರುವುದರಿಂದ ರೋಗಿಗೇ ಅದು ತಿಳಿಯುವುದಿಲ್ಲ. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ.

ಇಂತಹ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ದೃಷ್ಟಿಕ್ಷೇತ್ರ ಪರೀಕ್ಷೆ, ಎಂ.ಆರ್.ಐ. ಮತ್ತು ರಕ್ತದ ಹಾರ್ಮೋನ್ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ನಮ್ಮ ನಗರದಲ್ಲೇ ಮಿಂಟೋ ಕಣ್ಣಿನ ಆಸ್ಪತ್ರೆಯಿದೆ, ನಿಮ್ಹಾನ್ಸ್ ಇದೆ. ಮುಟ್ಟು ನಿಲ್ಲುವುದು, ಬಾಣಂತಿಯಲ್ಲದಿದ್ದರೂ ಎದೆಹಾಲು ಬರುವುದು, ಗಂಡಸರಲ್ಲಿ ಆಸಕ್ತಿ ಕುಗ್ಗುವುದು ಇದರ ಲಕ್ಷಣಗಳಾಗಿರಬಹುದು. ನಾಚಿಕೆಯಿಂದ ಮುಚ್ಚಿಡಬೇಡಿ. ಹಠಾತ್ತನೆ ತೀವ್ರ ತಲೆನೋವು, ವಾಂತಿಯೊಂದಿಗೆ ದೃಷ್ಟಿ ಕುಂದಿದರೆ ಅದೇ ಗಳಿಗೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಿಸುವ ಗಡ್ಡೆ ಸಾಮಾನ್ಯವಾಗಿ ಮಾತ್ರೆಯಿಂದಲೇ ಕುಗ್ಗುತ್ತದೆ. ಕಣ್ಣಿನ ನರವನ್ನು ಒತ್ತುವ ಉಳಿದ ಗಡ್ಡೆಗಳನ್ನು ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ಒತ್ತಡ ಇಳಿದಾಗ ಕೆಲವರಿಗೆ ಕೆಲವೇ ದಿನಗಳಲ್ಲಿ ನೋಟ ಸುಧಾರಿಸುತ್ತದೆ. ಮುಂದಿನ ತಿಂಗಳುಗಳಲ್ಲಿ ಇನ್ನಷ್ಟು ಮರಳಬಹುದು. ಆದರೆ ಬಹುಕಾಲ ಒತ್ತಲ್ಪಟ್ಟು ಸವೆದ ನರ ಪೂರ್ತಿ ಚೇತರಿಸುವುದು ಕಷ್ಟ. ತಡ ಮಾಡಬಾರದು ಎನ್ನುವುದು ಅದಕ್ಕೇ.

ಮೂಗಿನ ಮೂಲಕ ಶಸ್ತ್ರಚಿಕಿತ್ಸೆಯಾದವರಿಗೆ ಕೆಲವು ವಾರ ಬಾಗಬಾರದು, ಮೂಗು ಸೀನಬಾರದು ಎಂದು ವೈದ್ಯರು ಹೇಳುತ್ತಾರೆ. ಅಂಥವರು ಸುಜೂದನ್ನು ಸನ್ನೆಯಿಂದ ಮಾಡಲಿ. ವುಝೂವಿನಲ್ಲಿ ಮೂಗಿಗೆ ನೀರು ಏರಿಸುವುದನ್ನು ವೈದ್ಯರು ಅನುಮತಿಸುವವರೆಗೆ ಬಿಡಲಿ. ಹಾರ್ಮೋನ್ ಮಾತ್ರೆ ಸೇವಿಸುವವರು ರಮಝಾನ್ ಉಪವಾಸದ ಬಗ್ಗೆ ಮೊದಲೇ ವೈದ್ಯರನ್ನು ಕೇಳಲಿ. ತಾವಾಗಿ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ. ರೋಗಿಗೆ ಶರೀಅತ್ ನೀಡಿದ ರಿಯಾಯಿತಿಯನ್ನು ಬಳಸುವುದರಲ್ಲಿ ಈಮಾನಿನ ಕೊರತೆಯೇನೂ ಇಲ್ಲ.

ದುಆ ಮಾಡೋಣ, ಚಿಕಿತ್ಸೆಯನ್ನೂ ಪಡೆಯೋಣ. ಮನೆಯಲ್ಲಿ ಯಾರಾದರೂ ಪದೇ ಪದೇ ಎಡವುತ್ತಿದ್ದರೆ ಗದರುವ ಮೊದಲು ಅವರ ಕಣ್ಣು ಪರೀಕ್ಷೆ ಮಾಡಿಸೋಣ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ, ಆಮೀನ್.