ಮನಸ್ಸು ಜಾರಿದವರಿಗೆ ಸ್ಥಿತಿಕರಣ

ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಬರುವ ಒಂದು ಪ್ರಸಂಗವು ಓದಿದವರ ಮನಸ್ಸಿನಿಂದ ಸುಲಭವಾಗಿ ಮರೆಯಾಗುವಂಥದ್ದಲ್ಲ. ಲಕ್ಷ್ಮಣನು ದೇಹವನ್ನು ತ್ಯಜಿಸಿದ್ದಾನೆ. ಆದರೆ ಶ್ರೀರಾಮನು ಅದನ್ನು ಒಪ್ಪಲಾರ. ತಮ್ಮನು ಮುನಿಸಿಕೊಂಡು ಮಾತು ಬಿಟ್ಟಿದ್ದಾನೆಂದೇ ಅವನ ಭಾವನೆ. ಕಳೇಬರಕ್ಕೆ ಸ್ನಾನ ಮಾಡಿಸುತ್ತಾನೆ, ಬಾಯಿಗೆ ತುತ್ತಿಡಲು ಹೋಗುತ್ತಾನೆ, ಅಂತ್ಯಸಂಸ್ಕಾರದ ಮಾತೆತ್ತಿದವರ ಮೇಲೆ ಕೆರಳುತ್ತಾನೆ. ಹೀಗೆ ಆರು ತಿಂಗಳು ಕಳೆಯುತ್ತವೆ. ಅದೇ ಭವದಲ್ಲಿ ಮೋಕ್ಷಕ್ಕೆ ಸಲ್ಲಬೇಕಾದ ಬಲಭದ್ರನನ್ನೂ ಮೋಹನೀಯ ಕರ್ಮದ ಉದಯವು ಬಿಡಲಿಲ್ಲ. ಪುರಾಣಕಾರರು ಇದನ್ನು ಮುಚ್ಚಿಡಲೂ ಇಲ್ಲ.

ರಾಮನಿಗೆ ನೆರವಾದವರು ಇಬ್ಬರು ದೇವರು. ಒಬ್ಬನು ಹಿಂದಿನ ಜನ್ಮದ ಜಟಾಯು; ಇನ್ನೊಬ್ಬನು ರಾಮನ ಸೇನಾಪತಿಯಾಗಿದ್ದ ಕೃತಾಂತವಕ್ತ್ರ. ಆ ಹೊತ್ತಿಗೆ ಅಯೋಧ್ಯೆಯ ಮೇಲೆ ಶತ್ರುಸೈನ್ಯ ಬಂದಿತ್ತು. ಅದನ್ನು ಹಿಮ್ಮೆಟ್ಟಿಸಿ ನಗರವನ್ನು ಉಳಿಸಿದ ಮೇಲೆಯೇ ರಾಮನನ್ನು ಎಚ್ಚರಿಸುವ ಕೆಲಸ. ಅವನ ಕಣ್ಣೆದುರಿಗೆ ಒಣಮರಕ್ಕೆ ನೀರೆರೆದರು, ಬಂಡೆಯ ಮೇಲೆ ಬೀಜ ಬಿತ್ತಿದರು, ಬೆಣ್ಣೆಗಾಗಿ ನೀರನ್ನು ಕಡೆದರು, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕಿದರು. ಇದೆಂಥ ಹುಚ್ಚುತನವೆಂದು ರಾಮನೇ ಅವರನ್ನು ಆಕ್ಷೇಪಿಸಿದಾಗ ಅವನ ಕಣ್ಣು ತನ್ನ ಹೆಗಲ ಮೇಲಿದ್ದ ಭಾರದತ್ತ ತಿರುಗಿತು. ಯಾರೂ ಅವನನ್ನು ಗದರಲಿಲ್ಲ, ನಗೆಗೀಡು ಮಾಡಲಿಲ್ಲ.

ಈ ಕಥೆಯ ತಿರುಳು ಇದಕ್ಕೂ ಹಿಂದಿನ ಒಂದು ಮಾತಿನಲ್ಲಿದೆ. ಕೃತಾಂತವಕ್ತ್ರನು ದೀಕ್ಷೆಗೆ ಅಪ್ಪಣೆ ಬೇಡಿದಾಗ ರಾಮನು ಅವನಿಂದ ಒಂದು ವಚನ ಪಡೆದಿದ್ದನು: ನೀನು ದೇವಗತಿಯನ್ನು ಪಡೆದರೆ, ನಾನು ಸಂಕಟದಲ್ಲಿ ಸಿಲುಕಿದಾಗ ಬಂದು ನನ್ನನ್ನು ಎಚ್ಚರಿಸಬೇಕು. ವಿವೇಕವು ಸ್ವಸ್ಥವಾಗಿದ್ದಾಗಲೇ, ಅದು ಕೈಕೊಡಬಹುದಾದ ದಿನಕ್ಕೆ ರಾಮನು ವ್ಯವಸ್ಥೆ ಮಾಡಿಕೊಂಡಿದ್ದನು.

ಶೋಕವೇ ಬೇರೆ, ಮನೋರೋಗವೇ ಬೇರೆ; ವೈದ್ಯರು ಇವೆರಡನ್ನೂ ಒಂದೆಂದು ಎಣಿಸುವುದಿಲ್ಲ. ಆದರೂ ತನ್ನವರ ಮನಸ್ಸು ತನ್ನ ಹಿಡಿತ ತಪ್ಪಿದಾಗ ಮನೆಯವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ. ಬೇಡವೆಂದು ಹಟ ಹಿಡಿದವರನ್ನು ಚಿಕಿತ್ಸೆಗೆ ಒಯ್ಯುವುದು ಹಿಂಸೆಯೇ? ಒಯ್ಯದೆ ಬಿಡುವುದು ಅಹಿಂಸೆಯೇ?

ಶ್ರಾವಕರ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಐವತ್ತು ದಾಟಿದ ಗೃಹಿಣಿಯೊಬ್ಬಳು ಊಟ ಬಿಡುತ್ತಾಳೆ ಎಂದಿಟ್ಟುಕೊಳ್ಳಿ. ಮೊದಲು ಏಕಾಶನವೆನ್ನುತ್ತಾಳೆ, ಆಮೇಲೆ ಉಪವಾಸವೆನ್ನುತ್ತಾಳೆ. ತಾನು ಮಹಾಪಾಪಿ, ತನ್ನಿಂದಲೇ ಮನೆಗೆ ಕೇಡು, ಈ ಶರೀರ ಇನ್ನು ಸಾಕು ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನೋಡಿದವರು ವೈರಾಗ್ಯವೆಂದು ಕೈಮುಗಿಯುತ್ತಾರೆ. ಎರಡು ವಾರ ಕಳೆದ ಮೇಲೆ ಅವಳನ್ನು ಕಂಡ ವೈದ್ಯರು ತೀವ್ರ ಖಿನ್ನತೆ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ. ವ್ರತಕ್ಕೆ ಅಡ್ಡಿ ಬಂದ ಪಾಪ ತಮಗೆ ತಟ್ಟೀತೇನೋ ಎಂಬ ಅಳುಕು ಮಕ್ಕಳಿಗೆ.

ಆಗಮವನ್ನು ಬಲ್ಲವರಿಗೆ ಇಲ್ಲಿ ಅಳುಕಿಗೆ ಕಾರಣವಿಲ್ಲ. ಸಲ್ಲೇಖನಕ್ಕೆ ಉಮಾಸ್ವಾತಿಗಳು ಐದು ಅತಿಚಾರಗಳನ್ನು ಹೇಳಿದ್ದಾರೆ. ಜೀವಿತಾಶಂಸೆ, ಅಂದರೆ ಬದುಕಬೇಕೆಂಬ ಆಸೆ, ಅವುಗಳಲ್ಲಿ ಮೊದಲನೆಯದು. ಅದರ ಬೆನ್ನಿಗೇ ಬರುವುದು ಮರಣಾಶಂಸೆ, ಬೇಗ ಸಾವು ಬರಲೆಂಬ ಆಸೆ. ಸಾಯುವ ಬಯಕೆಯೇ ವ್ರತಕ್ಕೆ ಕಳಂಕ. ಪ್ರಸನ್ನಚಿತ್ತದಿಂದ, ಗುರುಗಳ ಸನ್ನಿಧಿಯಲ್ಲಿ, ಎಲ್ಲರಲ್ಲೂ ಕ್ಷಮೆ ಕೋರಿ ಕೈಗೊಳ್ಳುವ ಆ ವ್ರತಕ್ಕೂ, ತನ್ನನ್ನು ತಾನೇ ಹಳಿದುಕೊಳ್ಳುತ್ತ ತಟ್ಟೆಯನ್ನು ದೂಡುವ ರೋಗಕ್ಕೂ ಹೊರನೋಟದ ಹೋಲಿಕೆಯಷ್ಟೇ ಇದೆ.

ಇನ್ನು ಹಿಂಸೆಯ ಮಾತು. ಪ್ರಮಾದವಿಲ್ಲದ ಕಡೆ ಕೇವಲ ನೋವಿನಿಂದ ಹಿಂಸೆಯಾಗದು ಎಂಬುದು ತತ್ತ್ವಾರ್ಥಸೂತ್ರದ ನಿಲುವು. ಸರ್ವಾರ್ಥಸಿದ್ಧಿಯಲ್ಲಿ ಅಸಾತಾವೇದನೀಯ ಕರ್ಮದ ಆಸ್ರವವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಕರುಣೆಯುಳ್ಳ ವೈದ್ಯನೊಬ್ಬನು ಮುನಿಯ ಮೈಮೇಲಿನ ಹುಣ್ಣನ್ನು ಕೊಯ್ಯುತ್ತಾನೆ. ಮುನಿಗೆ ನೋವಾಗುತ್ತದೆ, ಆ ನೋವಿಗೆ ವೈದ್ಯನೇ ನಿಮಿತ್ತ. ಆದರೂ ಅವನಿಗೆ ಪಾಪಬಂಧವಿಲ್ಲ. ಏಕೆಂದರೆ ಅವನ ಪರಿಣಾಮದಲ್ಲಿ ಕ್ರೋಧವಿಲ್ಲ, ಶಲ್ಯವಿಲ್ಲ.

ಈ ದೃಷ್ಟಾಂತವನ್ನು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ವೈದ್ಯನಿಗೆ ಪಾಪವಿಲ್ಲವೆಂಬುದು ಎಲ್ಲರಿಗೂ ನೆನಪಿರುತ್ತದೆ, ಕರುಣೆಯುಳ್ಳ ವೈದ್ಯನೆಂಬ ವಿಶೇಷಣ ಮರೆತುಹೋಗುತ್ತದೆ. ಬೇಸತ್ತು, ನೆರೆಹೊರೆಗೆ ನಾಚಿ, ಆಸ್ತಿಯ ಮೇಲೆ ಕಣ್ಣಿಟ್ಟು ಆಸ್ಪತ್ರೆಗೆ ತಳ್ಳಿದರೆ ಕೆಲಸ ಒಂದೇ ಆದರೂ ಬಂಧ ಬೇರೆ. ಮನುಷ್ಯನ ಪರಿಣಾಮವನ್ನು ಕೇವಲಿಯಲ್ಲದೆ ಬೇರೆ ಯಾರೂ ಪೂರ್ತಿ ಅರಿಯಲಾರರು. ಆದಕಾರಣ ಲೋಕವ್ಯವಹಾರದಲ್ಲಿ ಕಟ್ಟುಪಾಡುಗಳು ಬೇಕಾಗುತ್ತವೆ.

2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥ ಕಟ್ಟುಪಾಡು. ರೋಗಿಯು ತಾನೇ ತೀರ್ಮಾನಿಸಲಾರದ ಸ್ಥಿತಿಯಲ್ಲಿದ್ದಾಗ ಅವನ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿಯು ಅರ್ಜಿ ಸಲ್ಲಿಸಬಹುದು. ಅಷ್ಟೇ ಸಾಲದು. ಒಬ್ಬ ಮನೋವೈದ್ಯರೂ ಮತ್ತೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ, ರೋಗಿಯು ತನಗೆ ಅಪಾಯ ತಂದುಕೊಳ್ಳುವ ಇಲ್ಲವೆ ಇತರರ ಮೇಲೆ ಎರಗುವ ಸ್ಥಿತಿಯಲ್ಲಿದ್ದಾನೆ, ಅಥವಾ ತನ್ನ ಪಾಲನೆಯನ್ನು ತಾನು ಮಾಡಿಕೊಳ್ಳಲಾಗದೆ ಅಪಾಯಕ್ಕೊಳಗಾಗಿದ್ದಾನೆ ಎಂದು ಕಂಡುಕೊಳ್ಳಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ದಾರಿ ಇರಬಾರದು. ಹೀಗೆ ಸೇರಿಸಿಕೊಂಡವರನ್ನು ಹೆಚ್ಚೆಂದರೆ 30 ದಿನ ಇರಿಸಿಕೊಳ್ಳಬಹುದು. ಮುಂದುವರಿಸಲು ಬೇರೆಯೇ ಕ್ರಮವಿದೆ. ಪರಿಶೀಲನಾ ಮಂಡಳಿಗೆ 7 ದಿನಗಳೊಳಗೆ, ರೋಗಿ ಮಹಿಳೆಯಾದರೆ 3 ದಿನಗಳೊಳಗೆ ವರದಿ ಹೋಗಬೇಕು. ರೋಗಿಯು ಆ ಮಂಡಳಿಗೆ ತಾನೇ ಮೊರೆಯಿಡಬಹುದು. ತೀರ್ಮಾನಿಸುವ ಶಕ್ತಿ ಮರಳಿದ ಮೇಲೆ ಅವನ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮುಂದುವರಿಯುವಂತಿಲ್ಲ.

ಯಾರನ್ನೂ ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸಕೂಡದೆಂದೂ ಕಾಯ್ದೆ ಹೇಳುತ್ತದೆ. ಈ ಮಾತಿನ ಹಿಂದೆ ಬೆಂಕಿಯ ನೆನಪಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಖಾಸಗಿ ಆಶ್ರಯವೊಂದರ ಚಪ್ಪರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ ಹೋದರು. 28 ಜೀವಗಳು ಹೋದವು. ಅವರನ್ನು ಅಲ್ಲಿ ಬಿಟ್ಟುಬಂದವರು ಮನೆಯವರೇ, ಗುಣವಾಗಲೆಂಬ ನಂಬಿಕೆಯಿಂದಲೇ.

ಅದೇ ಕಾಯ್ದೆಯಲ್ಲಿ ಮುಂಗಡ ನಿರ್ದೇಶನವೆಂಬ ಏರ್ಪಾಡೂ ಉಂಟು. ರೋಗ ಮರುಕಳಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ಪ್ರಾಪ್ತವಯಸ್ಕರು ಸ್ವಸ್ಥರಾಗಿರುವಾಗ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಇದು ಅನ್ವಯಿಸದು. ರಾಮನು ಕೃತಾಂತವಕ್ತ್ರನಿಂದ ಪಡೆದ ವಚನಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮೊದಲ ಬಾರಿ ಬಲವಂತ ಅನಿವಾರ್ಯವಾದ ಮನೆಯಲ್ಲಿ, ಎರಡನೆಯ ಬಾರಿ ಅದು ರೋಗಿಯದೇ ಇಚ್ಛೆಯ ಪಾಲನೆಯಾಗುವಂತೆ ಮಾಡಲು ಸಾಧ್ಯವಿದೆ. ಗುಣಮುಖರಾದವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಮತ್ತೆ ಹಾಗಾದರೆ ನಾವು ಏನು ಮಾಡಬೇಕೆಂದು ನಿನ್ನ ಅಪೇಕ್ಷೆ ಎಂದು ಕೇಳುವ ಕುಟುಂಬಗಳು ವಿರಳ. ಬಹುತೇಕ ಮನೆಗಳಲ್ಲಿ ಆ ವಿಷಯವನ್ನೇ ಎತ್ತುವುದಿಲ್ಲ, ಎತ್ತಿದರೆ ರೋಗ ಮರಳೀತೆಂಬ ಭಯದಿಂದ.

ಸುಳ್ಳು ಹೇಳಿ ಕರೆದೊಯ್ಯುವ ರೂಢಿಯೂ ವ್ಯಾಪಕವಾಗಿದೆ. ಶ್ರವಣಬೆಳಗೊಳಕ್ಕೆ ಹೋಗೋಣವೆಂದು ಕಾರು ಹತ್ತಿಸಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವುದು, ಹಾಲಿನಲ್ಲಿ ಮಾತ್ರೆ ಬೆರೆಸುವುದು. ಆ ಗಳಿಗೆಗೆ ಇದು ಸುಲಭ. ಆದರೆ ಯಾರೋ ತನಗೆ ವಿಷವಿಕ್ಕುತ್ತಿದ್ದಾರೆಂಬ ಭ್ರಮೆಯಿಂದ ನರಳುತ್ತಿರುವವನಿಗೆ ಹಾಲಿನಲ್ಲಿ ಬೆರೆಸಿದ ಮಾತ್ರೆ ಕಣ್ಣಿಗೆ ಬಿದ್ದರೆ, ಅವನ ಭ್ರಮೆಗೆ ಮನೆಯವರೇ ಸಾಕ್ಷಿ ಒದಗಿಸಿದಂತಾಗುತ್ತದೆ. ನಿನಗೆ ಇಷ್ಟವಿಲ್ಲವೆಂದು ಬಲ್ಲೆವು, ಆದರೂ ಕರೆದೊಯ್ಯುತ್ತಿದ್ದೇವೆ, ಜೊತೆಯಲ್ಲೇ ಇರುತ್ತೇವೆ ಎಂಬ ಮಾತು ಕೇಳಲು ಕಠಿಣ. ಮುಂದೊಂದು ದಿನ ಅವನು ನೆನೆದುಕೊಳ್ಳುವಾಗ ಅದರಲ್ಲಿ ಮೋಸ ಕಾಣುವುದಿಲ್ಲ.

ಸಮಂತಭದ್ರಾಚಾರ್ಯರು ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನವನ್ನು ಹೇಳಿ, ಅದರ ಮುಂದೆ ಸ್ಥಿತಿಕರಣವನ್ನೂ ವಾತ್ಸಲ್ಯವನ್ನೂ ಹೇಳುತ್ತಾರೆ. ಉಪಗೂಹನವೆಂದರೆ ಅಶಕ್ತರ ಕೊರತೆಯನ್ನು ಬೀದಿಗೆ ತಾರದಿರುವುದು. ಹೆಣ್ಣು ಕೊಡುವವರು ಹಿಂಜರಿದಾರೆಂದು ಮಗನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕುವುದಲ್ಲ. ಜಾರಿದವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಅದು ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವ ಕೆಲಸವಲ್ಲ, ಅಲ್ಲಿಂದ ಆರಂಭವಾಗುವ ಕೆಲಸ.

ಕಳೆದ ಶತಮಾನದ ಐವತ್ತರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದವರು ಜೊತೆಯಲ್ಲಿರುವ ವ್ಯವಸ್ಥೆ ಬಂದಿತು. ರೋಗಿಯನ್ನು ಮನೆಯವರು ಸದಾ ಟೀಕಿಸುತ್ತಿದ್ದರೆ ಅಥವಾ ಹಗೆಯಿಂದ ಕಂಡರೆ ರೋಗ ಮರುಕಳಿಸುವುದು ಹೆಚ್ಚೆಂದು ಮನೋವೈದ್ಯರು ಕಂಡುಕೊಂಡಿದ್ದಾರೆ. ಅತಿಯಾದ ಅಕ್ಕರೆಯಿಂದ ಉಸಿರುಗಟ್ಟಿಸಿದರೂ ಹಾಗೆಯೇ. ಭಾಷಾಸಮಿತಿಯು ಹಿತ, ಮಿತ, ಪ್ರಿಯವೆಂದು ವಿಧಿಸುವಾಗ ನಡುವಿನ ಮಿತವನ್ನು ಮರೆಯುವ ತಾಯಂದಿರಿಗೂ ಇದು ಅನ್ವಯಿಸುತ್ತದೆ.

ಆರೈಕೆ ಮಾಡುವವರ ನಿದ್ದೆ, ಊಟ, ಸ್ವಾಧ್ಯಾಯಗಳು ಕೆಡುವುದು ಸಹಜ. ಬಸದಿಗೆ ಬರುವುದನ್ನು ನಿಲ್ಲಿಸಿದ ಮನೆಯೊಂದಿದ್ದರೆ ಕಾರಣ ಕೇಳುವ ಮೊದಲು ಒಂದು ಹೊತ್ತು ರೋಗಿಯ ಬಳಿ ಕುಳಿತು ಅವರನ್ನು ಬಿಡುವು ಮಾಡಿಕೊಡಬಹುದು. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಅದರ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲಿರುಳೆನ್ನದೆ, ಶುಲ್ಕವಿಲ್ಲದೆ.